ಕೆಂಗೇರಿಯಿಂದ ಮದ್ದೂರಿನವರೆಗೆ: ಹಳೇ ಮೈಸೂರು ರಸ್ತೆಯ ಹೋಟೆಲುಗಳು

ಕೆಂಗೇರಿ ಉಪನಗರದಲ್ಲಿ ನಾವು ಮನೆ ಮಾಡಿ ಹನ್ನೊಂದು ವರ್ಷವಾಯಿತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇರುವವರು ಒಳ್ಳೆಯ ಹೋಟೆಲಿಗಾಗಿ ಹುಡುಕಾಡಬೇಕಿಲ್ಲ. ಬಸವನಗುಡಿಯಲ್ಲಿ 1943ರಿಂದ ವಿದ್ಯಾರ್ಥಿ ಭವನವಿದೆ, ಲಾಲ್‌ಬಾಗ್ ರಸ್ತೆಯಲ್ಲಿ 1924ರಲ್ಲಿ ಹುಟ್ಟಿದ ಎಂಟಿಆರ್ ಇದೆ. ಅಲ್ಲಿ ಅಜ್ಜ ಕೂತು ತಿಂದ ಜಾಗದಲ್ಲೇ ಮೊಮ್ಮಗನೂ ಕೂರುತ್ತಾನೆ, ಯಾವುದು ಚೆನ್ನ ಎಂಬ ಪ್ರಶ್ನೆಯನ್ನು ಎರಡು ತಲೆಮಾರಿನ ಹಿಂದೆಯೇ ಊರು ಇತ್ಯರ್ಥ ಮಾಡಿಬಿಟ್ಟಿದೆ. ಉಪನಗರಕ್ಕೆ ಆ ಭಾಗ್ಯವಿಲ್ಲ. ಇಲ್ಲಿನ ಜನ ಹೊಸಬರು, ಬಾಡಿಗೆಯ ಮಳಿಗೆಗಳು ಹೊಸವು, ಯುಗಾದಿಗೆ ತೆರೆದ ಹೋಟೆಲಿನ ಜಾಗದಲ್ಲಿ ದೀಪಾವಳಿಯ ಹೊತ್ತಿಗೆ ಮೊಬೈಲ್ ಅಂಗಡಿ ಇರುತ್ತದೆ. ಆದ್ದರಿಂದ ಹೊಟ್ಟೆ ತುಂಬ, ಮನಸ್ಸು ತುಂಬ ಊಟ ಎಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿ ಪ್ರತಿಯೊಬ್ಬರೂ ತಾವೇ ತಿಂದು ಕಂಡುಕೊಳ್ಳಬೇಕು. ಕೆಂಗೇರಿಯಿಂದ ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿನವರೆಗಿನ ಸುಮಾರು 60 ಕಿಲೋಮೀಟರ್ ಹಾದಿಯಲ್ಲಿ ನಾನು ಹಾಗೆ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಸ್ತೆಯ ವಿಷಯ ಹೇಳಬೇಕು, ಏಕೆಂದರೆ ಇಲ್ಲಿನ ಹೋಟೆಲುಗಳ ಹಣೆಬರಹವನ್ನು ರಸ್ತೆಯೇ ಬರೆದಿದೆ. 2023ರ ಮಾರ್ಚ್ 12ರಂದು 118 ಕಿಲೋಮೀಟರ್‌ಗಳ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪೇಟೆಯೊಳಗೆ ಕಾಲಿಡದೆ ಹೊರಗಿನಿಂದಲೇ ಹಾದುಹೋಗುತ್ತದೆ. ಅಲ್ಲಿಯವರೆಗೆ ಮೈಸೂರಿಗೆ ಹೋಗುವ ಪ್ರತಿಯೊಂದು ಕಾರೂ ಬಸ್ಸೂ ಈ ಊರುಗಳ ಬಾಗಿಲಲ್ಲೇ ನಿಂತು ಹೋಗುತ್ತಿತ್ತು. ಆ ಜನ ಒಂದೇ ದಿನದಲ್ಲಿ ಮೇಲಿನ ರಸ್ತೆ ಹಿಡಿದರು. ಹಳೇ ರಸ್ತೆಯ ಎಷ್ಟೋ ಹೋಟೆಲುಗಳ ಷಟರ್ ಆಗ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವುಗಳಲ್ಲಿ ಕೆಲವು ನನಗೆ ಬಹಳ ಬೇಕಾದವು. ಆದರೆ ಉಳಿದುಕೊಂಡವು ಯಾವುವು ಎಂದು ನೋಡಿದಾಗ ನನಗೆ ಹುಡುಕಾಟದ ಸೂತ್ರವೇ ಸಿಕ್ಕಿತು. ಮತ್ತೆ ಈ ಕಡೆ ತಲೆ ಹಾಕದ ದಾರಿಹೋಕನಿಗೆ ಅಡುಗೆ ಮಾಡುತ್ತಿದ್ದ ಹೋಟೆಲು ಹೋಯಿತು, ನಾಳೆ ಬೆಳಿಗ್ಗೆ ಮತ್ತೆ ಬಂದು ಅದೇ ಮೇಜಿನಲ್ಲಿ ಕೂರುವವನಿಗೆ ಅಡುಗೆ ಮಾಡುತ್ತಿದ್ದ ಹೋಟೆಲು ನಿಂತಿತು. ಇವತ್ತು ಹಳೇ ರಸ್ತೆಯಲ್ಲಿ ತೆರೆದಿರುವ ಹೋಟೆಲಿನೊಳಗೆ ನಾನು ಮೊದಲಿಗಿಂತ ಹೆಚ್ಚು ನಂಬಿಕೆಯಿಂದ ಕಾಲಿಡುತ್ತೇನೆ.

ಹೀಗಾಗಿ ಒಂದು ಹೋಟೆಲನ್ನು ಅಳೆಯುವ ಮುಂಚೆ ನಾನು ಅಲ್ಲಿ ದಿನವೂ ತಿನ್ನುವವರು ಯಾರು, ಅವರು ಬರುವ ಹೊತ್ತು ಯಾವುದು ಎಂದು ವಿಚಾರಿಸುತ್ತೇನೆ. ಮೊಬೈಲಿನ ನಕ್ಷೆಯಲ್ಲಿ ಕಾಣುವ ನಕ್ಷತ್ರಗಳು ಇದನ್ನು ಹೇಳುವುದಿಲ್ಲ. ನಕ್ಷತ್ರ ಕೊಡುವವರಲ್ಲಿ ಹೆಚ್ಚಿನವರು ಭಾನುವಾರ ಹನ್ನೊಂದು ಗಂಟೆಗೆ ಒಂದೇ ಸಲ ಬಂದು ಹೋದವರು. ಬೆಳಗಿನ ಆರೂವರೆಗೆ ಅಲ್ಲಿ ನಿಂತು ತಿನ್ನುವ ಪೌರಕಾರ್ಮಿಕರು, ಹಾಲಿನ ವ್ಯಾನಿನ ಚಾಲಕರು, ಪಾಳಿ ಮುಗಿಸಿದ ಕಾರ್ಖಾನೆಯ ಹುಡುಗರು ನಕ್ಷತ್ರ ಹಾಕುತ್ತಾ ಕೂರುವುದಿಲ್ಲ. ಅವರ ತೀರ್ಪು ಏನಿದ್ದರೂ ಮಾರನೆಯ ದಿನ ಅವರು ಅಲ್ಲಿಗೆ ಬರುತ್ತಾರೋ ಇಲ್ಲವೋ ಎಂಬುದರಲ್ಲಿದೆ.

ಕೆಂಗೇರಿಯ ಮಟ್ಟಿಗೆ ಹೇಳುವುದಾದರೆ, 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಇಲ್ಲಿಗೆ ಬಂದ ಮೇಲೆ, ಮತ್ತು 2023ರ ಅಕ್ಟೋಬರ್‌ನಲ್ಲಿ ಅದು ಚಲ್ಲಘಟ್ಟದವರೆಗೆ ಮುಂದುವರಿದ ಮೇಲೆ, ನಿಲ್ದಾಣಗಳ ಸುತ್ತ ದರ್ಶಿನಿಗಳು ಎದ್ದಿವೆ. ಎಲ್ಲವೂ ಒಂದೇ ಅಚ್ಚಿನವು: ಹೊಳೆಯುವ ಸ್ಟೀಲ್ ಮೇಜು, ಗೋಡೆಯ ಮೇಲೆ ಬಣ್ಣಬಣ್ಣದ ದೀಪ, ಪುಡಿ ಇಡ್ಲಿಯ ದೊಡ್ಡ ಚಿತ್ರ, ತುಪ್ಪ ಸುರಿಯುವ ದೃಶ್ಯ. ಅವುಗಳಲ್ಲಿ ಒಂದರಲ್ಲಿ ನನಗೆ ಬೆಳಗಿನ ಎಂಟು ಗಂಟೆಗೆ ಹಿಂದಿನ ದಿನದ ವಡೆಯನ್ನು ಮತ್ತೆ ಎಣ್ಣೆಗೆ ಹಾಕಿ ಕೊಟ್ಟರು. ಮೇಲೆ ಗರಿಗರಿ, ಒಳಗೆ ನಾರು, ಮುರಿದರೆ ಬೆರಳಿಗೆಲ್ಲ ಎಣ್ಣೆ. ಅಂಥ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರು ತಿಳಿದಿದ್ದರು. ಅದಕ್ಕೇ ಹೊಸ ದರ್ಶಿನಿಗೆ ಹೋದರೆ ನಾನು ವಡೆಯನ್ನು ಬೇರೆ ತಟ್ಟೆಯಲ್ಲಿ, ಸಾಂಬಾರನ್ನು ಬೇರೆ ಬಟ್ಟಲಲ್ಲಿ ಕೇಳುತ್ತೇನೆ. ಮನಸ್ಸಿನಲ್ಲಿ ಅಳುಕಿಲ್ಲದ ಹೋಟೆಲಿನವರು ತಕ್ಷಣ ಕೊಡುತ್ತಾರೆ. ಕೆಂಗೇರಿಯಲ್ಲಿ ನನ್ನ ನಂಬಿಕೆ ಉಳಿದಿರುವುದು ಹಳೆಯ ಊರಿನೊಳಗಿನ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಎರಡು ಮೂರು ಸಣ್ಣ ಹೋಟೆಲುಗಳ ಮೇಲೆ. ಅಲ್ಲಿ ಬೈ-ಟು ಕಾಫಿ ಕೇಳಿದರೆ ಮುಖ ಸಿಂಡರಿಸುವುದಿಲ್ಲ, ಡಿಕಾಕ್ಷನ್ ಹಳೆಯದಾಗಿರುವುದಿಲ್ಲ, ಮತ್ತು ಮಧ್ಯಾಹ್ನ ಉಳಿದ ಚಟ್ನಿಯನ್ನು ಸಂಜೆಗೆ ನೀರು ಬೆರೆಸಿ ಎಳೆಯುವುದಿಲ್ಲ.

ಬಿಡದಿ ಬಂತೆಂದರೆ ತಟ್ಟೆ ಇಡ್ಲಿಯ ಮಾತೇ. ತಟ್ಟೆ ಇಡ್ಲಿಗೆ ತುಮಕೂರಿನ ಕ್ಯಾತ್ಸಂದ್ರ ಒಂದು ಮನೆಯಾದರೆ ಬಿಡದಿ ಇನ್ನೊಂದು ಮನೆ. ಇಲ್ಲಿ ರೇಣುಕಾಂಬ, ಶಿವದರ್ಶನ್ ಎಂಬ ಹೆಸರುಗಳು ಬೆಂಗಳೂರಿನವರ ಬಾಯಲ್ಲೆಲ್ಲ ಇವೆ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಗಿನ ಏಳರಿಂದ ಎಂಟೂವರೆಯೊಳಗೆ ಹೋದವರಿಗೆ ಅಲ್ಲಿ ಸಿಗುವ ಇಡ್ಲಿ ಹೊಗಳಿಕೆಗೆ ಯೋಗ್ಯವಾದದ್ದು. ಆದರೆ ಊರಿನಲ್ಲಿ ತಟ್ಟೆ ಇಡ್ಲಿಯ ಬೋರ್ಡುಗಳು ಹತ್ತಾರಿವೆ, ಎಲ್ಲದರಲ್ಲೂ ಅದೇ ಇಡ್ಲಿ ಇರುವುದಿಲ್ಲ. ಗುರುತಿಸುವುದು ಹೇಗೆಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಈ ಇಡ್ಲಿ ಊಟದ ತಟ್ಟೆಯಷ್ಟು ಅಗಲವಲ್ಲದಿದ್ದರೂ ಅಂಗೈ ಚಾಚಿದಷ್ಟು ಅಗಲವಿರುತ್ತದೆ. ಗುಂಡು ಇಡ್ಲಿಯ ಹಾಗೆ ಅಂಚಿನಿಂದ ನಡುವಿಗೆ ಬೇಗ ಬೇಯುವುದಿಲ್ಲ, ಹಬೆ ನಡುವಿನವರೆಗೆ ಹೋಗಲು ಹೆಚ್ಚು ಹೊತ್ತು ಬೇಕು. ಇಡ್ಲಿ ಅಕ್ಕಿ, ಉದ್ದು, ಮೆತ್ತಗಾಗಲು ಒಂದಿಷ್ಟು ಅವಲಕ್ಕಿ ಅಥವಾ ಸಬ್ಬಕ್ಕಿ ಸೇರಿಸಿ ರುಬ್ಬಿದ ಹಿಟ್ಟು ರಾತ್ರಿಯಿಡೀ ತಾನಾಗಿ ಹುಳಿ ಬಂದು ಉಬ್ಬಿರಬೇಕು. ಭಾನುವಾರದ ಗದ್ದಲಕ್ಕೆ ಹಿಟ್ಟು ಸಾಲದೆ ಬಂದಾಗ ಅವಸರದಲ್ಲಿ ರುಬ್ಬಿ ಸೋಡಾ ಹಾಕಿ ಉಬ್ಬಿಸಿದರೆ ಇಡ್ಲಿ ದಪ್ಪಗೆ ಕಾಣುತ್ತದೆ, ಆದರೆ ಬಣ್ಣ ಬಿಳಿಯಿಂದ ಹಳದಿಗೆ ತಿರುಗಿರುತ್ತದೆ, ಬಾಯಲ್ಲಿ ಸೋಡಾದ ಒಗರು ನಿಲ್ಲುತ್ತದೆ. ನಾನು ತಟ್ಟೆ ಬಂದ ಕೂಡಲೇ ಬೆಣ್ಣೆ ಕರಗುವುದನ್ನು ನೋಡುತ್ತಾ ಕೂರದೆ, ಇಡ್ಲಿಯ ನಡುವನ್ನು ಎರಡು ಬೆರಳಿನಿಂದ ಸೀಳಿ ನೋಡುತ್ತೇನೆ. ಒಳ್ಳೆಯ ಇಡ್ಲಿಯಾದರೆ ಸೀಳಿದ ಜಾಗದಲ್ಲಿ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳು ಒಂದೇ ಸಮನಾಗಿ ಕಾಣುತ್ತವೆ, ಬೆರಳಿಗೆ ಹಿಟ್ಟು ಅಂಟುವುದಿಲ್ಲ. ನಡುವಿನಲ್ಲಿ ಒದ್ದೆಯ ಒಂದು ಗೆರೆ ಕಂಡರೆ, ಆ ಹೋಟೆಲು ಆ ಹೊತ್ತಿಗೆ ತನ್ನ ಕೈಮೀರಿದ ಜನಕ್ಕೆ ಬಡಿಸುತ್ತಿದೆ ಎಂದು ತಿಳಿದು ಇನ್ನೊಂದು ದಿನ ಬೇಗ ಬರಬೇಕು.

ಇನ್ನೊಂದು ವಿಷಯವನ್ನು ಬೆಳಗಿನ ಹಸಿವಿನಲ್ಲೂ ಮರೆಯಬಾರದು. ಇಡ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವ ಕೆಟ್ಟ ಅಭ್ಯಾಸ ಬೆಂಗಳೂರಿನ ಸುತ್ತಮುತ್ತ ಹಬ್ಬಿತ್ತು. 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆ ಹೋಟೆಲುಗಳಲ್ಲಿ ಪರೀಕ್ಷೆ ನಡೆಸಿ, ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನಿಂದ ಅನ್ನಕ್ಕೆ ಸೇರಬಾರದ್ದು ಸೇರುತ್ತದೆ ಎಂಬುದು ಕಾರಣ. ತಟ್ಟೆ ಇಡ್ಲಿಯ ಹೋಟೆಲುಗಳಲ್ಲಿ ಒಲೆ ಸಾಮಾನ್ಯವಾಗಿ ಮುಂಭಾಗದಲ್ಲೇ ಇರುತ್ತದೆ, ಒಂದು ನಿಮಿಷ ನಿಂತರೆ ಬಟ್ಟೆಯೋ ಹಾಳೆಯೋ ಕಾಣಿಸುತ್ತದೆ. ಬಟ್ಟೆಯಲ್ಲಿ ಬೆಂದ ಇಡ್ಲಿಯ ಅಡಿಯಲ್ಲಿ ನೇಯ್ಗೆಯ ಸಣ್ಣ ಗುರುತು ಮೂಡಿರುತ್ತದೆ. ಆ ಗುರುತನ್ನು ಕಂಡರೆ ನನಗೆ ಅರ್ಧ ಸಮಾಧಾನ. ಗೋಡೆಯ ಮೇಲೆ ಹದಿನಾಲ್ಕು ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ತೂಗುಹಾಕಿದ್ದರೆ ಒಳ್ಳೆಯದು, ಆದರೆ ಅಡುಗೆಮನೆ ಕಣ್ಣಿಗೆ ಕಾಣುವಂತಿರುವುದು ಅದಕ್ಕಿಂತ ದೊಡ್ಡ ಪ್ರಮಾಣಪತ್ರ.

ಬಿಡದಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಹೋಟೆಲು ಪೇಟೆಯ ರಸ್ತೆಯಲ್ಲಿಲ್ಲ, ಕೈಗಾರಿಕಾ ಪ್ರದೇಶದ ಕಡೆಗಿದೆ. 1999ರಿಂದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಕಾರು ತಯಾರಿಸುತ್ತಿದೆ, ಅದರ ಸುತ್ತ ಬಿಡಿಭಾಗಗಳ ಸಣ್ಣಪುಟ್ಟ ಕಾರ್ಖಾನೆಗಳು ಬೆಳೆದಿವೆ. ಪಾಳಿ ಬದಲಾಗುವ ಹೊತ್ತಿಗೆ ಆ ರಸ್ತೆಯ ಶೀಟಿನ ಮಾಡಿನ ಹೋಟೆಲುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ನಾನು ಹೇಳುವ ಹೋಟೆಲಿನಲ್ಲಿ ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲಾಪೆಟ್ಟಿಗೆಯ ಮುಂದೆ. ಚಟ್ನಿಗೆ ಕಾಯಿಯ ಜೊತೆ ಹುರಿಗಡಲೆ ಹಾಕುತ್ತಾರೆ, ಆದರೆ ಕಾಯಿಯ ರುಚಿ ಅಡಗುವಷ್ಟು ಹಾಕುವುದಿಲ್ಲ. ಹಸಿಮೆಣಸಿನಕಾಯಿಯ ಖಾರ ನಾಲಿಗೆಗೆ ತಾಕಿ ಕಣ್ಣಿನಲ್ಲಿ ನೀರು ತರಿಸದೆ ಇಳಿದುಹೋಗುತ್ತದೆ. ಒಮ್ಮೆ ನಾನು ಹತ್ತೂಕಾಲಿಗೆ ಹೋದೆ. ಅಷ್ಟರಲ್ಲಿ ಪಾತ್ರೆ ತೊಳೆಯುತ್ತಿದ್ದರು.

"ಹಿಟ್ಟು ಮುಗೀತು ಅಣ್ಣ, ಇನ್ನೇನಿದ್ರೂ ನಾಳೆನೇ" ಎಂದರು ಆಕೆ.

ಪಕ್ಕದಲ್ಲಿ ಇಡ್ಲಿ ಹಿಟ್ಟಿನ ಪೊಟ್ಟಣಗಳನ್ನು ಮಾರುವ ಅಂಗಡಿಯೇ ಇದೆ, ಬೇಕೆಂದರೆ ತರಿಸಿ ಬೇಯಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಸಿವಿನಲ್ಲಿ ಹಿಂದಿರುಗಿದೆನಾದರೂ ಆವತ್ತೇ ಆ ಹೋಟೆಲಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು. ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿಗೆ ನಾನು ಅಲ್ಲಿ ನೂರು ರೂಪಾಯಿ ದಾಟಿ ಕೊಟ್ಟದ್ದು ಒಂದು ಸಲವೂ ಇಲ್ಲ.

ಬಿಡದಿಗೆ ಹೋಗುವವರು ಎಕ್ಸ್‌ಪ್ರೆಸ್‌ವೇ ಹತ್ತದೆ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮೇಲಿನ ರಸ್ತೆಯಲ್ಲಿ ಪ್ರವೇಶವೇ ಇಲ್ಲದ್ದರಿಂದ ಬೈಕಿನವರಿಗೆ ಈ ಮಾತು ಹೇಳಬೇಕಾಗಿಲ್ಲ, ಅವರು ಈಗಲೂ ಈ ಹೋಟೆಲುಗಳ ನಿಷ್ಠಾವಂತ ಗಿರಾಕಿಗಳು. ಕಾರು ಬೇಡವೆಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಕಡೆಯೂ ನಿಲ್ಲುತ್ತದೆ. ತಿಂಡಿಗಾಗಿ ರೈಲು ಹತ್ತುವುದು ನಮ್ಮ ಮನೆಯಲ್ಲಿ ಈಗ ತಿಂಗಳಿಗೊಂದು ಸಲದ ರೂಢಿಯಾಗಿದೆ.

ರಾಮನಗರದಲ್ಲಿ ಹುಡುಕಾಟ ಶುರುವಾಗಬೇಕಾದದ್ದು ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತ. ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದಲೂ ರೈತರು ಗೂಡು ತುಂಬಿಕೊಂಡು ಬರುತ್ತಾರೆ. ಬಹಳ ಮಂದಿ ರಾತ್ರಿಯೇ ಬಂದಿರುತ್ತಾರೆ, ಹರಾಜು ಮುಗಿಯುವವರೆಗೆ ಅವರಿಗೆ ಗೂಡಿನದೇ ಚಿಂತೆ, ಮುಗಿದ ಮೇಲೆ ಕಾದ ಹಸಿವು. ಅವರಿಗಾಗಿ ಬೆಳಕು ಹರಿಯುವ ಮುಂಚೆ ತೆರೆಯುವ ಹೋಟೆಲುಗಳಿವೆ. ನೋಟಕ್ಕೆ ಚೆನ್ನಾಗಿಲ್ಲ, ಗೋಡೆಗೆ ಸುಣ್ಣ ಬಳಿದು ಕಾಲವಾಗಿದೆ, ಕೂರುವ ಬೆಂಚು ಅಲ್ಲಾಡುತ್ತದೆ. ಆದರೆ ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹಣ್ಣು ಆಗ ತಾನೇ ಕೊಯ್ದದ್ದು, ಪೂರಿಯ ಸಾಗು ಒಲೆಯ ಮೇಲೆಯೇ ಇರುತ್ತದೆ, ಅನ್ನ ಸಾರು ಕೇಳಿದರೆ ಬೆಳಗಿನ ಎಂಟಕ್ಕೂ ಸಿಗುತ್ತದೆ, ಏಕೆಂದರೆ ರಾತ್ರಿಯೆಲ್ಲ ಎದ್ದಿದ್ದವನಿಗೆ ಅದು ಊಟದ ಹೊತ್ತೇ. ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಕ್ಕ ದಿನ ರೈತರು ಒಂದು ಸಿಹಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ ಎಂದು ಒಬ್ಬ ಸಪ್ಲೈಯರ್ ಹೇಳಿದ. ಅವನ ಪಕ್ಕದ ಗಾಜಿನ ಕಪಾಟಿನಲ್ಲಿ ಆವತ್ತು ಮೈಸೂರು ಪಾಕಿನ ತಟ್ಟೆ ಖಾಲಿಯಾಗಿತ್ತು.

ಇಲ್ಲಿಂದ ಮುಂದೆ ಜಾನಪದ ಲೋಕದ ಪಕ್ಕದ ಕಾಮತ್ ಲೋಕರುಚಿಯನ್ನು ಬಲ್ಲವರು ಬಹಳ. ಮನೆಮಂದಿಯೆಲ್ಲ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನಲು ಅದು ಹೇಳಿಮಾಡಿಸಿದ ಜಾಗ. ಆದರೆ ಅದು ಉತ್ತರ ಕರ್ನಾಟಕದ ಊಟ. ಈ ನೆಲದ ಊಟ ಬೇಕೆನ್ನುವವರಿಗೆ ರಾಗಿಯ ದಾರಿಯೇ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ. ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳಲು ಹೋದವರಿಗೆ ಪೇಟೆಯೊಳಗೆ ಕಾಫಿ ತಿಂಡಿಗೆ ಕೊರತೆಯಿಲ್ಲ, ಹುಡುಕಿಕೊಂಡು ಹೋಗಬೇಕಾದದ್ದು ನನಗಂತೂ ಸಿಕ್ಕಿಲ್ಲ.

ಮದ್ದೂರಿನ ವಡೆಗೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದರೆಂದೂ, ಒಮ್ಮೆ ರೈಲು ಬರುವ ಹೊತ್ತಿಗೆ ಅವಸರವಾಗಿ ಅದೇ ಹಿಟ್ಟನ್ನು ತಟ್ಟಿ ಕರಿದದ್ದೇ ಈ ವಡೆಯಾಯಿತೆಂದೂ ಊರಿನವರು ಹೇಳುತ್ತಾರೆ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಧಾರಾಳವಾಗಿ ಈರುಳ್ಳಿ, ಹಸಿಮೆಣಸು, ಕರಿಬೇವು, ಮೇಲೆ ಕಾದ ಎಣ್ಣೆ ಸುರಿದು ಕಲಸಿದ ಹಿಟ್ಟನ್ನು ತೆಳ್ಳಗೆ ತಟ್ಟಿ ಹದವಾದ ಉರಿಯಲ್ಲಿ ಕರಿಯಬೇಕು. ನೀರು ಹೆಚ್ಚಾದರೆ ಮೆತ್ತಗಾಗುತ್ತದೆ, ಉರಿ ಹೆಚ್ಚಾದರೆ ಈರುಳ್ಳಿ ಕಪ್ಪಾಗಿ ಕಹಿಯಾಗುತ್ತದೆ. ಹೆದ್ದಾರಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟ ವಡೆಯನ್ನು ನಾನು ಕೊಳ್ಳುವುದಿಲ್ಲ, ಬಿಸಿಯಿರುವಾಗ ಕಟ್ಟಿದ ಚೀಲದೊಳಗೆ ಅದು ಬೆವರಿ ಚರ್ಮದಂತಾಗಿರುತ್ತದೆ. ಬಾಣಲೆಯ ಮುಂದೆ ನಿಂತು, ಕಾಗದದಲ್ಲಿ ಕೊಟ್ಟ ವಡೆಯನ್ನು ಅಲ್ಲೇ ಮುರಿದು ತಿನ್ನಬೇಕು. ಮುರಿದಾಗ ಶಬ್ದ ಕೇಳಿಸಬೇಕು.

ಇನ್ನು ರಾಗಿಯ ಮಾತು. ರಾಮನಗರದಿಂದ ಕನಕಪುರದ ಕಡೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ ಒಂದು ಹುಣಸೆ ಮರದ ಎದುರಿಗೆ ಮನೆಯ ಮುಂಭಾಗವನ್ನೇ ಹೋಟೆಲು ಮಾಡಿಕೊಂಡ ಒಂದು ಕುಟುಂಬವಿದೆ. ಬೋರ್ಡು ಇಲ್ಲ. ನನಗೆ ತೋರಿಸಿದ್ದು ಪಂಕ್ಚರ್ ಅಂಗಡಿಯವನು. ಈ ಇಡೀ ಹಾದಿಯಲ್ಲಿ ಒಂದೇ ಒಂದು ಹೋಟೆಲನ್ನು ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

ಮುದ್ದೆಯನ್ನು ಇಲ್ಲಿ ಹಿಟ್ಟು ಎಂದೇ ಕರೆಯುತ್ತಾರೆ. ಮನೆಯ ಹಿರಿಯ ಹೆಂಗಸು ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಅಕ್ಕಿಯ ನುಚ್ಚು ಬೆಂದ ಮೇಲೆ ರಾಗಿ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ದೊಣ್ಣೆಯಿಂದ ಒಂದು ತೂತು ಮಾಡಿ ಹಾಗೇ ಬಿಡುತ್ತಾರೆ. ಅವಸರಪಡುವುದಿಲ್ಲ. ಹಿಟ್ಟು ಒಳಗಿನಿಂದ ಬೆಂದು ತೂತಿನಲ್ಲಿ ಎಸರು ಉಕ್ಕಿದಾಗ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಕಾಲಲ್ಲಿ ಒತ್ತಿ ಹಿಡಿದು, ಎರಡು ಕೈಯಲ್ಲೂ ದೊಣ್ಣೆ ಹಿಡಿದು ತಿರುವುತ್ತಾರೆ. ಒಂದು ಗಂಟೂ ಉಳಿಯದ ಹಾಗೆ ತಿರುವಿದ ಮೇಲೆ ನೀರು ಮುಟ್ಟಿದ ಕೈಯಲ್ಲಿ ಉಂಡೆ ಕಟ್ಟಿ ಹಾಕುತ್ತಾರೆ. ತಟ್ಟೆಗೆ ಬಿದ್ದ ಮುದ್ದೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಬೆರಳಲ್ಲಿ ಮುರಿದರೆ ಅಂಟದೆ ಬಿಟ್ಟುಕೊಡುತ್ತದೆ. ಪಟ್ಟಣದ ಹೋಟೆಲುಗಳಲ್ಲಿ ಬೆಳಿಗ್ಗೆಯೇ ಮಾಡಿ ಹಾಟ್‌ಬಾಕ್ಸಿನಲ್ಲಿಟ್ಟ ಮುದ್ದೆಯ ಮೇಲೆ ಬರುವ ಒಣ ಸಿಪ್ಪೆ ಇಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಜನ ಬಂದಂತೆ ಮತ್ತೆ ಮತ್ತೆ ಎಸರಿಡುತ್ತಾರೆ.

ಜೊತೆಗೆ ಸೊಪ್ಪಿನ ಕಾಲದಲ್ಲಿ ಬಸ್ಸಾರು. ಸೊಪ್ಪು ಕಾಳು ಬೇಯಿಸಿ ನೀರನ್ನು ಬಸಿದು, ಆ ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಸಾರು, ಬಸಿದು ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಎರಡರಲ್ಲೂ ಸೊಪ್ಪಿನ ಘಮ. ಚಳಿಗಾಲದಲ್ಲಿ ಅವರೆಕಾಳು ಸೇರುತ್ತದೆ, ಮಿಕ್ಕ ದಿನ ಮೊಳಕೆ ಹುರುಳಿ. ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು ಮತ್ತು ಬೋಟಿ. ಕೋಳಿ ಸಾರಿಗೆ ಮಸಾಲೆಯನ್ನು ಒರಳಲ್ಲಿ ರುಬ್ಬುತ್ತಾರೆ. ಸಾರು ನೀರಾಗಿ ಕಂಡರೂ ಮುದ್ದೆಯ ತುತ್ತು ಅದ್ದಿ ನುಂಗಿದಾಗ ಗಂಟಲಿನಲ್ಲಿ ಮೆಣಸು, ಧನಿಯ, ಬೆಳ್ಳುಳ್ಳಿ ಒಂದೊಂದಾಗಿ ತಿಳಿಯುತ್ತವೆ. ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿರುವಾಗಲೇ ಆ ತಾಯಿ ಸಾರಿನ ಸೌಟು ಹಿಡಿದು ಬಂದು, "ಸಾರು ಹಾಕ್ಕಳಪ್ಪ, ಒಣ ಹಿಟ್ಟು ಇಳಿಯಕಿಲ್ಲ" ಎಂದು ಕೇಳದೆಯೇ ಬಡಿಸಿದರು. ಅದಕ್ಕೆ ಬೇರೆ ಹಣ ಹಿಡಿಯುವುದಿಲ್ಲ.

ಕೊರತೆಗಳೂ ಇವೆ, ಹೇಳಿಬಿಡುತ್ತೇನೆ. ಕೈತೊಳೆಯುವ ಜಾಗ ಹೊರಗೆ ಡ್ರಮ್ಮಿನ ಪಕ್ಕದಲ್ಲಿ, ಹೆಂಗಸರಿಗೆ ಶೌಚಾಲಯದ ಅನುಕೂಲವಿಲ್ಲ, ಮಳೆ ಬಂದರೆ ಒಂದು ಬೆಂಚು ನೆನೆಯುತ್ತದೆ. ಆದ್ದರಿಂದ ವಯಸ್ಸಾದವರನ್ನು, ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಕೆಲಸಗಳನ್ನು ರಾಮನಗರದಲ್ಲೇ ಮುಗಿಸಿಕೊಂಡು ಹೊರಡುವುದು ಲೇಸು. ಫೋನಿನಲ್ಲಿ ಹಣ ಕಳಿಸಬಹುದು, ಆದರೆ ಮರದ ಕೆಳಗೆ ನೆಟ್‌ವರ್ಕ್ ಹೋಗಿ ಬಂದು ಮಾಡುವುದರಿಂದ ಚಿಲ್ಲರೆ ಇಟ್ಟುಕೊಂಡಿರಬೇಕು. ಸೋಮವಾರ ಬಾಗಿಲು ಹಾಕಿರುತ್ತದೆ, ಶನಿವಾರ ಸೊಪ್ಪಿನ ಸಾರು ಮಾತ್ರ. ಮಿಕ್ಕ ದಿನ ಹೋಗುವವರು ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಬೇಕು, ಎರಡು ಗಂಟೆಯ ಹೊತ್ತಿಗೆ ಬೋಟಿ ಮುಗಿದಿರುತ್ತದೆ.